ಚೆನ್ನಮ್ಮಾಜಿ ಇದ್ದ ಮನೆ

ಕಿತ್ತೂರ ಕೋಟೆಗೆ ಹೋದವರು ಮೊದಲು ಕೇಳುವುದು ರಾಣಿ ಚೆನ್ನಮ್ಮ ಕಂಪನಿ ಸರಕಾರದ ಜೊತೆ ಮಾಡಿದ ಯುದ್ಧದ ಜಾಗವನ್ನೇ. ಕಲೆಕ್ಟರ್ ಥ್ಯಾಕರೆ ಎಲ್ಲಿ ಬಿದ್ದ, ರಾಣಿಯ ಬಂಟ ಅಮಟೂರ ಬಾಳಪ್ಪ ಎಲ್ಲಿ ನಿಂತು ಗುಂಡು ಹಾರಿಸಿದ, ಹೆಬ್ಬಾಗಿಲು ಯಾವ ಕಡೆ ಇತ್ತು. ನಾನೂ ಚಿಕ್ಕಂದಿನಿಂದ ಹಾಗೆ ಕೇಳುತ್ತಲೇ ಬೆಳೆದವನು. ಈ ಸಲ ಹೋದಾಗ ನನ್ನ ಮುಂದೆ ಬೈಲಹೊಂಗಲ ಕಡೆಯ ಒಂದು ಕುಟುಂಬ ನಡೆದಿತ್ತು. ಗೋಡೆಗಳ ಸಂದಿಯಲ್ಲಿ ಒಂದು ಕಡೆ ಅಜ್ಜಿ ನಿಂತರು, ಬಗ್ಗಿ ನೋಡಿದರು, ಮೊಮ್ಮಗಳ ಕೈ ಜಗ್ಗಿದರು. “ಇದು ಬಚ್ಚಲ ನೋಡವಾ. ನೀರು ಹ್ಯಾಂಗ ಹೊರಗ ಹೊಕ್ಕಾವ ನೋಡು. ನಮ್ಮವ್ವ ಚೆನ್ನಮ್ಮ ಇಲ್ಲೇ ಎರಕೊಂಡಿರಬೇಕ.”

ಆ ಮಾತು ಕೇಳಿದ ಮೇಲೆ ನಾನು ಹೆಬ್ಬಾಗಿಲಿಗೆ ಹಿಂದಿರುಗಿ ಮತ್ತೆ ಮೊದಲಿನಿಂದ ನೋಡಿದೆ, ಈ ಸಲ ಒಂದು ಮನೆ ನೋಡುವಂತೆ.

ಧಾರವಾಡದಿಂದ ಬೆಳಗಾವಿ ಕಡೆಗೆ ಹೆದ್ದಾರಿ ಹಿಡಿದರೆ ಸುಮಾರು ಮೂವತ್ತು ಕಿಲೋಮೀಟರಿಗೆ ಕಿತ್ತೂರು. ಇಲ್ಲಿನ ದೇಸಗತಿ ಹುಟ್ಟಿದ್ದು 1585ರಲ್ಲಿ. ಆದಿಲಶಾಹಿ ಸೈನ್ಯದಲ್ಲಿದ್ದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಮೊದಲು ನೆಲೆಯೂರಿದ್ದು ಬೈಲಹೊಂಗಲದ ಮಗ್ಗುಲಿನ ಸಂಪಗಾವಿಯಲ್ಲಿ. ಹದಿನೇಳನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ರಾಜಧಾನಿಯನ್ನು ಕಿತ್ತೂರಿಗೆ ತಂದು ಕೋಟೆ ಕಟ್ಟಿಸಿದ. ಕೋಟೆಯ ನಡುವಿನ ಅರಮನೆ ಪೂರ್ವಾಭಿಮುಖ, ಎರಡಂತಸ್ತಿನದು. ಮಲ್ಲಸರ್ಜ ದೇಸಾಯಿ ಬಾಳಿದ್ದು ಇಲ್ಲಿ. ಕಾಕತಿಯ ಮಗಳು ಚೆನ್ನಮ್ಮ ಸೊಸೆಯಾಗಿ ಹೊಸ್ತಿಲು ದಾಟಿ ಬಂದದ್ದೂ ಇಲ್ಲಿಗೇ. ಹಿರಿಯ ರಾಣಿ ರುದ್ರಮ್ಮ ಆಗಲೇ ಈ ಮನೆಯಲ್ಲಿದ್ದರು.

ಈಗ ಮಾಡು ಇಲ್ಲ. ನಿಂತಿರುವುದು ಇಟ್ಟಿಗೆ ಗೋಡೆ, ಕಲ್ಲಿನ ತಳಪಾಯ. ಆದರೂ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಓದುವುದು ಕಷ್ಟವಲ್ಲ. ನಮ್ಮಲ್ಲಿ ಮನೆಯನ್ನು ಚದರಡಿಯಲ್ಲಿ ಅಳೆಯುತ್ತಿರಲಿಲ್ಲ, ಅಂಕಣದಲ್ಲಿ ಎಣಿಸುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಇಲ್ಲಿನ ದೊಡ್ಡ ಪಡಸಾಲೆಗೆ ಭಾರಿ ಸಾಗವಾನಿ ಕಂಬಗಳಿದ್ದವು. ಕಿತ್ತೂರು ಮಲೆನಾಡಿನ ಸೆರಗಿನ ಊರು, ಒಳ್ಳೆಯ ಮರಕ್ಕೆ ಬಹಳ ದೂರ ಹೋಗಬೇಕಿರಲಿಲ್ಲ. ಕಂಬದ ನೆಲೆಗಳನ್ನು ಅಂದಾಜು ಮಾಡಿಕೊಂಡು ಹೆಜ್ಜೆ ಹಾಕಿದರೆ ಪಡಸಾಲೆ ಕಣ್ಣೆದುರು ಎದ್ದು ನಿಲ್ಲುತ್ತದೆ. ಗೋಡೆಯಲ್ಲಿ ದೀಪದ ಮಾಡಗಳಿವೆ. ಹಿಂದೆ ಅಡುಗೆಮನೆ, ಉಣ್ಣುವ ಸಾಲು, ಬಂದ ಅತಿಥಿಗಳಿಗೆ ಬೇರೆ ಕೋಣೆಗಳು.

ಎಲ್ಲಕ್ಕಿಂತ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅಜ್ಜಿ ತೋರಿಸಿದ ನೀರಿನ ಕೆಲಸ. ಮನೆಯ ಮಗ್ಗುಲಲ್ಲೇ ಬಾವಿ. ಅಲ್ಲಿಂದ ಗುಂಡಗಿನ ತೊಟ್ಟಿ, ಚೌಕ ತೊಟ್ಟಿ, ಒಂದರಿಂದ ಇನ್ನೊಂದಕ್ಕೆ ಕೊಳವೆಯ ದಾರಿ. ಸೇದಿದ ನೀರನ್ನು ಕೊಡದಲ್ಲಿ ಹೊತ್ತು ಮನೆ ತುಂಬ ಓಡಾಡಬೇಕಿಲ್ಲ, ನೀರು ತಾನೇ ಬಚ್ಚಲಿಗೆ ಬರುತ್ತದೆ, ಕೆಲಸ ಮುಗಿದ ನೀರು ತಾನೇ ಹೊರಗೆ ಹೋಗುತ್ತದೆ. ತೊಟ್ಟಿಯ ಅಂಚಿಗೆ ಕೈ ಇಟ್ಟು ಕೂತರೆ ತಿಳಿಯುತ್ತದೆ: ಇದನ್ನು ಕಟ್ಟಿದವನಿಗೆ ನೀರಿನ ಇಳಿಜಾರು ಗೊತ್ತಿತ್ತು, ನೀರು ಹೊರುವ ಹೆಣ್ಣುಮಕ್ಕಳ ಸೊಂಟದ ನೋವೂ ಗೊತ್ತಿತ್ತು. ಕತ್ತಿ ಗುರಾಣಿಗಳ ಬಗ್ಗೆ ನೂರು ಮಾತು ಬರೆದಿದ್ದೇವೆ. ಈ ತೊಟ್ಟಿಗಳ ಬಗ್ಗೆಯೂ ನಾಲ್ಕು ಮಾತು ಬರೆಯಬೇಕಿತ್ತು.

ಮನೆ ಹಾಳಾದ ಕತೆ ಗೊತ್ತಿದ್ದದ್ದೇ. 1824ರ ಸೆಪ್ಟೆಂಬರಿನಲ್ಲಿ ಮಲ್ಲಸರ್ಜನ ಮಗ ಶಿವಲಿಂಗ ರುದ್ರಸರ್ಜ ತೀರಿಕೊಂಡರು. ಅವರು ಮಾಡಿಕೊಂಡ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಇದನ್ನು ಡಾಲ್‌ಹೌಸಿಯ ಕಾಯಿದೆ ಎಂದು ಬರೆಯುವವರು ಇಂದಿಗೂ ಇದ್ದಾರೆ. ಡಾಲ್‌ಹೌಸಿ ಇಲ್ಲಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರು ಅದಕ್ಕೂ 24 ವರ್ಷ ಮೊದಲೇ ಆ ಅನ್ಯಾಯ ಉಂಡಿತ್ತು. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಅವನ ಕೈಕೆಳಗಿನ ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಇಬ್ಬರೂ ಸೆರೆಸಿಕ್ಕರು. ಚೆನ್ನಮ್ಮಾಜಿ ಅವರ ಜೀವಕ್ಕೆ ಕೈ ಹಾಕಲಿಲ್ಲ. ಆ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ನಮ್ಮ ಇತಿಹಾಸ ಬರೆದವರಿಗೆ ಆ ಸಂಗ್ರಹ ಎಷ್ಟು ಕೆಲಸಕ್ಕೆ ಬಂತು ಎಂದು ನೆನೆದರೆ, ಸೆರೆಯಾಳಿಗೆ ತೋರಿದ ಆ ದಯೆ ಎಲ್ಲಿಯವರೆಗೆ ನಡೆದು ಹೋಯಿತು ಅನ್ನಿಸುತ್ತದೆ.

ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಇಂಥ ಮನೆಗೆ ತೋಪಿಗಿಂತ ದೊಡ್ಡ ವೈರಿ ಮಳೆ. ತೊಲೆ ಜಂತಿ ಹೋಗಿ ಮಾಡು ಬಯಲಾದರೆ ಮುಂಗಾರಿನ ನೀರು ನೆತ್ತಿಯಿಂದಲೇ ಗೋಡೆಯೊಳಗೆ ಇಳಿಯುತ್ತದೆ. ಆಮೇಲೆ ಯಾರೂ ಕೆಡವಬೇಕಾಗಿಲ್ಲ. ಇಷ್ಟು ವರ್ಷಗಳ ಮಳೆ ತಿಂದೂ ಇಷ್ಟು ಗೋಡೆ ಉಳಿದಿದೆ ಎಂದರೆ ಕಟ್ಟಿದವರ ಕೈಗೆ ಕೈ ಮುಗಿಯಬೇಕು.

ಕೋಟೆಯ ಆವರಣದಲ್ಲಿಯೇ ಪುರಾತತ್ತ್ವ ಇಲಾಖೆಯ ಚೆನ್ನಮ್ಮ ಸ್ಮಾರಕ ವಸ್ತುಸಂಗ್ರಹಾಲಯವಿದೆ, 1967ರಲ್ಲಿ ತೆರೆದದ್ದು. ಮಕ್ಕಳು ಓಡುವುದು ಕತ್ತಿ, ಕವಚಗಳ ಕಡೆಗೆ. ನೀವು ಮಾತ್ರ ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿಗಳ ಮುಂದೆ ನಿಲ್ಲಿ. ಹೊರಗೆ ಬಾಗಿಲಿಲ್ಲದ ಮನೆ, ಒಳಗೆ ಮನೆಯಿಲ್ಲದ ಬಾಗಿಲು. ಎರಡನ್ನೂ ಒಂದೇ ದಿನ ನೋಡಿ ಮನಸ್ಸಿನಲ್ಲೇ ಜೋಡಿಸಿಕೊಂಡಾಗ ಮಾತ್ರ ಅರಮನೆ ಪೂರ್ತಿಯಾಗುತ್ತದೆ. ಬಿಡುವಿದ್ದರೆ ಹತ್ತಿರದ ದೇಗಾಂವಿಗೂ ಹೋಗಿ ಬನ್ನಿ. ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ, ಹನ್ನೆರಡನೆಯ ಶತಮಾನದ್ದು, ಅಲ್ಲಿದೆ.

ಹಳೆಯ ಮನೆ ನೋಡಿದ ಮೇಲೆ ತೋಟದಲ್ಲಿ ಒಂದು ಗಳಿಗೆ ಕೂರುವ ಆಸೆ ಎಲ್ಲರಿಗೂ ಇರುತ್ತದೆ. ಈ ಮನೆಯ ತೋಟ, ನನ್ನ ಮಟ್ಟಿಗೆ, ಬೈಲಹೊಂಗಲದಲ್ಲಿದೆ. ಸೋತ ರಾಣಿಯನ್ನು ಕಂಪನಿಯವರು ಕರೆದೊಯ್ದು ಸೆರೆಯಿಟ್ಟದ್ದು ಅಲ್ಲಿನ ಕೋಟೆಯಲ್ಲಿ. 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡರು, ತಮ್ಮ ಪಡಸಾಲೆ, ತಮ್ಮ ಬಚ್ಚಲು ಮತ್ತೆ ಕಾಣದೆ. ಊರ ನಡುವೆ ಅವರ ಸಮಾಧಿ, ಸುತ್ತ ಸಣ್ಣ ಉದ್ಯಾನ. ಸವದತ್ತಿ ಗುಡ್ಡಕ್ಕೆ, ರಾಮದುರ್ಗಕ್ಕೆ ಹೋಗುವವರು ದಾರಿಯಲ್ಲಿ ಇಳಿದು ಒಂದು ಹೂ ಇಟ್ಟು ಹೋದರೂ ಸಾಕು.

ಕಿತ್ತೂರಿನಲ್ಲಿ ನೋಡಲೇಬೇಕಾದ ಇನ್ನೊಂದು ಉಳಿದಿದೆ. ಅರಮನೆಯ ಗೋಡೆಯಲ್ಲಿ ಉತ್ತರಕ್ಕೆ ಮುಖ ಮಾಡಿದ ಒಂದು ಕಿಂಡಿ, ಧ್ರುವ ನಕ್ಷತ್ರ ನೋಡಲೆಂದೇ ಇಟ್ಟದ್ದು. ಕಿತ್ತೂರಿರುವುದು ಸುಮಾರು ಹದಿನೈದೂವರೆ ಡಿಗ್ರಿ ಅಕ್ಷಾಂಶದಲ್ಲಿ. ಆದ್ದರಿಂದ ಇಲ್ಲಿ ಧ್ರುವ ಕಾಣುವುದೂ ದಿಗಂತದಿಂದ ಅಷ್ಟೇ ಮೇಲೆ, ತೀರ ಕೆಳಗೆ. ಅಂಗಳದಲ್ಲಿ ನಿಂತರೆ ಗಿಡವೋ ಗೋಡೆಯೋ ಮರೆಮಾಡುವಷ್ಟು ಕೆಳಗೆ. ರಾತ್ರಿಯಿಡೀ ಬಹುತೇಕ ಅಲುಗದ ಚುಕ್ಕಿಯಾದ್ದರಿಂದ ಒಂದು ಸಲ ಸರಿಯಾಗಿ ಇಟ್ಟ ಕಿಂಡಿ ವರ್ಷವಿಡೀ ಸರಿ. ನಾನು ಕಣ್ಣಿಟ್ಟಾಗ ಮಧ್ಯಾಹ್ನ ಮೂರು ಗಂಟೆ, ಕಂಡದ್ದು ಬಿಳಿಯ ಬಿಸಿಲು. ಅಕ್ಟೋಬರಿನ ಕಿತ್ತೂರು ಉತ್ಸವದ ರಾತ್ರಿಗಳಲ್ಲಿ ಕೋಟೆಯ ತುಂಬ ಜನ ಇರುತ್ತಾರೆ, ದೀಪವೂ ಇರುತ್ತದೆ. ಒಂದು ರಾತ್ರಿ, ಅರ್ಧ ತಾಸು, ಈ ಗೋಡೆಯ ಸುತ್ತಲಿನ ದೀಪ ಆರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಈ ಕಿಂಡಿಗೆ ಕಣ್ಣಿಡಲು ಬಿಡಬಾರದೇ? ಆ ಅಜ್ಜಿಯ ಮೊಮ್ಮಗಳು ಸಾಲಿನಲ್ಲಿ ಮೊದಲು ನಿಲ್ಲಲಿ.