ಲದ್ದಿ ಎನ್ನೋಣವೇ, ಹಿಕ್ಕೆ ಎನ್ನೋಣವೇ?

ಹಸುವಿನದು ಸಗಣಿ, ಆನೆಯದು ಲದ್ದಿ, ಆಡಿನದು ಹಿಕ್ಕೆ. ಪಾಂಡಾದ್ದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಆಕಾರದಲ್ಲಿ ಗೆಣಸಿನಂತೆ, ವಾಸನೆಯೂ ಅಷ್ಟೇನಿಲ್ಲ. ಸದ್ಯಕ್ಕೆ ಲದ್ದಿ ಎಂದೇ ಕರೆಯೋಣ. ಪಾಂಡಾ ಅಧ್ಯಯನವೆಂಬ ವಿದ್ಯೆ ಅರ್ಧ ನಿಂತಿರುವುದೇ ಇದರ ಮೇಲೆ.

1978ರಲ್ಲಿ ಹು ಜಿಂಚು ಎಂಬ ಪ್ರಾಣಿಶಾಸ್ತ್ರದ ಮೇಷ್ಟ್ರು ಚೀನಾದ ಸಿಚುವಾನ್ ಪ್ರಾಂತ್ಯದ ವೊಲೊಂಗ್ ಕಾಡಿನಲ್ಲಿ, ಸುಮಾರು 2,500 ಮೀಟರ್ ಎತ್ತರದಲ್ಲಿ, ಬಿಡಾರ ಹೂಡಿದರು. ಅಲ್ಲಿಂದ ನೀರಿಗೆ ಐವತ್ತೊಂದು ಮೆಟ್ಟಿಲು. ಹಾಗಾಗಿ ವುಯಿಪೆಂಗ್, ‘ಐದು-ಒಂದರ ಗುಡಾರ’ ಎಂಬ ಹೆಸರೇ ನಿಂತಿತು. ಮುಂದೆ ಅಮೆರಿಕದ ಜಾರ್ಜ್ ಶಾಲರ್ ಕೂಡ ಬಂದು ಸೇರಿಕೊಂಡರು. ಬಿದಿರ ಮೆಳೆ ಎಷ್ಟು ದಟ್ಟವೆಂದರೆ ಪಕ್ಕದಲ್ಲೇ ಕೂತ ಪಾಂಡಾ ಕಾಣದು. ಹು ಮೇಷ್ಟ್ರು ಲದ್ದಿಯನ್ನೇ ಓದತೊಡಗಿದರು. ಪಾಂಡಾದ ಕರುಳು ಮಾಂಸಾಹಾರಿಯದು, ಊಟ ಮಾತ್ರ ಬಿದಿರು. ತಿಂದದ್ದರಲ್ಲಿ ಐದನೇ ಒಂದು ಪಾಲೂ ಅರಗದು. ಅಗಿದ ತುಂಡುಗಳು ಹಾಗೇ ಹೊರಬೀಳುತ್ತವೆ. ಅವನ್ನು ಆರಿಸಿ ಉದ್ದ ಅಳೆದರೆ ಕಚ್ಚಿನ ಅಳತೆ ಸಿಕ್ಕಿತು. ಒಂದೊಂದು ಪಾಂಡಾದ ಕಚ್ಚು ಒಂದೊಂದು ಬಗೆ. ಇಲ್ಲಿ ಓಡಾಡಿದ್ದು ಒಂದೋ ಎರಡೋ, ಮರಿಯೋ ದೊಡ್ಡದೋ, ಎಲ್ಲವನ್ನೂ ಲದ್ದಿ ಹೇಳಿತು!

ಪಾಂಡಾ ಅಧ್ಯಯನಕ್ಕೆ ಬರುವ ಇಂದಿನ ಇಂಟರ್ನ್‌ಗಳ ಪಾಡು ಬೇರೆ. ಅವರು ಕೂರುವುದು ಪಾಂಡಾ ಸಂತಾನಾಭಿವೃದ್ಧಿ ಕೇಂದ್ರದ ಆವರಣದ ಮುಂದೆ. ಅಂಥ ಕೇಂದ್ರವೊಂದು 1987ರಲ್ಲಿ, ಕಾಡಿನಿಂದ ರಕ್ಷಿಸಿದ ಆರು ಪಾಂಡಾಗಳೊಂದಿಗೆ ಚೆಂಗ್ಡುವಿನಲ್ಲಿ ಶುರುವಾಯಿತು. ಕೈಯಲ್ಲಿ ನಡವಳಿಕೆಯ ಪಟ್ಟಿ, ಪಕ್ಕದಲ್ಲಿ ಗಡಿಯಾರ. ಗೊತ್ತುಮಾಡಿದ ಹೊತ್ತಿಗೊಮ್ಮೆ ತಲೆಯೆತ್ತಿ, ಆ ಕ್ಷಣಕ್ಕೆ ಕಂಡದ್ದನ್ನು ಬರೆಯಬೇಕು. ತಿನ್ನುತ್ತಿದೆ. ತಿನ್ನುತ್ತಿದೆ. ಮಲಗಿದೆ. ದಿನದ ಅರ್ಧ ತಿನ್ನುವುದರಲ್ಲೇ ಕಳೆಯುವ ಜೀವ ಅದು. ಆಕಳಿಸುವವರಿಗೆ ಈ ಕೆಲಸ ಹೇಳಿದ್ದಲ್ಲ. ಏಕೆಂದರೆ ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಮ್ಮೆ, ಅದೂ ಒಂದರಿಂದ ಮೂರು ದಿನ. ಆಗ ಆಡಿನಂತೆ ಅರಚುತ್ತದೆ, ಮರಕ್ಕೆ ಹಿಂಭಾಗ ಉಜ್ಜಿ ವಾಸನೆ ಬಿಡುತ್ತದೆ. ಗಂಡು ಕೆಲವೊಮ್ಮೆ ಮುಂಗಾಲು ಊರಿ ತಲೆಕೆಳಗಾಗಿ ನಿಂತು ಮರಕ್ಕೆ ಉಚ್ಚೆ ಹೊಯ್ಯುವುದೂ ಉಂಟು. ಗುರುತು ಎತ್ತರದಲ್ಲಿದ್ದಷ್ಟೂ ಗತ್ತು. ಆ ಮೂರು ದಿನ ತಪ್ಪಿದರೆ ಮತ್ತೆ ಮುಂದಿನ ವಸಂತ.

ಈಗ ಲದ್ದಿಯಿಂದ ಡಿಎನ್‌ಎ ತೆಗೆಯುತ್ತಾರೆ, ಕಾಡಿನಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಕಚ್ಚು ಅಳೆಯುವ ತಾಳ್ಮೆಗೆ ಮೊದಲಿನ ಬೆಲೆಯಿಲ್ಲ ಎನ್ನಿಸಿದರೆ ತಪ್ಪಲ್ಲ. ಆದರೂ ಚೀನಾದ ನಾಲ್ಕನೇ ಪಾಂಡಾ ಗಣತಿಯಲ್ಲಿ ಕಾಡಿನ ಪಾಂಡಾಗಳ ಸಂಖ್ಯೆ 1,864 ಎಂದಾಯಿತು. ಅವುಗಳಲ್ಲಿ ಗಣತಿಗೆ ಹೋದವರು ಕಣ್ಣಾರೆ ಕಂಡದ್ದು ಕಡಿಮೆ. ಲೆಕ್ಕ ಕೊಟ್ಟದ್ದು ಲದ್ದಿಯೇ. ಹು ಮೇಷ್ಟ್ರು 2023ರಲ್ಲಿ ತೀರಿಕೊಂಡರು.