ಹಾಲುಪುಡಿಯ ಡಬ್ಬಿಯ ಮೇಲೆ ಮಗುವಿನ ಚಿತ್ರ ಏಕಿಲ್ಲ?

ಔಷಧಿ ಅಂಗಡಿಗೆ ಹೋದಾಗ ಎಳೆಮಕ್ಕಳ ಹಾಲುಪುಡಿಯ ಡಬ್ಬಿಯನ್ನೊಮ್ಮೆ ಕೈಗೆತ್ತಿಕೊಂಡು ನೋಡಿ. ಮಗುವಿನ ಚಿತ್ರವಿಲ್ಲ, ತಾಯಿಯ ಚಿತ್ರವೂ ಇಲ್ಲ. ತಾಯಿಯ ಹಾಲೇ ಮಗುವಿಗೆ ಉತ್ತಮ ಎಂಬ ಮಾತು ಮಾತ್ರ ಎದ್ದು ಕಾಣುತ್ತದೆ. ತನ್ನ ಸರಕಿಗಿಂತ ಇನ್ನೊಂದು ಮೇಲು ಅಂತ ಯಾವ ವ್ಯಾಪಾರಿ ತಾನಾಗಿ ಬರೆದಾನು ಹೇಳಿ? ಬರೆಸಿದ್ದು ಕಾನೂನು.

“ಜಾಹೀರಾತು ನೋಡಿ ಮರುಳಾದರೆ ಕೊಂಡವರದೇ ತಪ್ಪು, ನಡುವೆ ಸರಕಾರಕ್ಕೇನು ಕೆಲಸ?” ಎನ್ನುವವರುಂಟು. ಸೀರೆ, ಸೋಪಿನ ಮಟ್ಟಿಗೆ ಈ ಮಾತು ಸರಿ. ದುಡ್ಡು ದಂಡವಾದರೂ ಮುಂದಿನ ಸಲ ಬೇರೆಯದು ತಂದರಾಯಿತು. ಬಾಣಂತಿಯ ವಿಷಯ ಹಾಗಲ್ಲ. ಕೂಸು ಚೀಪಿದಷ್ಟೂ ಎದೆಹಾಲು ಊರುತ್ತದೆ, ಸೀಸೆ ರೂಢಿಯಾದಷ್ಟೂ ಬತ್ತುತ್ತದೆ. ಪುಕ್ಕಟೆ ಕೊಟ್ಟ ಡಬ್ಬಿ ಮುಗಿಯುವ ಹೊತ್ತಿಗೆ ಕೊಳ್ಳದೆ ಗತಿಯಿಲ್ಲ ಎನ್ನುವ ಸ್ಥಿತಿ. ದುಡ್ಡು ಸಾಲದೆ ನೀರು ಹೆಚ್ಚು ಬೆರೆಸಿದರೆ ಮಗು ಸೊರಗುತ್ತದೆ. ನೀರು, ಸೀಸೆ ಶುದ್ಧವಿಲ್ಲದಿದ್ದರೆ ಭೇದಿ.

ಆಫ್ರಿಕಾ, ಏಷ್ಯಾಗಳ ಬಡದೇಶಗಳಲ್ಲಿ ನಡೆದದ್ದು ಇದೇ. ಕಂಪನಿಗಳು ಹೆಂಗಸರಿಗೆ ನರ್ಸಿನ ಉಡುಪು ತೊಡಿಸಿ ಹೆರಿಗೆ ಆಸ್ಪತ್ರೆಗಳಿಗೇ ಕಳಿಸುತ್ತಿದ್ದವು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಪ್ರಚಾರದ ವಿರುದ್ಧ ನಿಯಮಾವಳಿಯನ್ನು ಒಪ್ಪಿತು. ಪರವಾಗಿ 118 ಮತ, ವಿರುದ್ಧ ಒಂದೇ ಒಂದು, ಅದು ಅಮೆರಿಕದ್ದು. ನಮ್ಮ ದೇಶದ ಕಾನೂನು ಬಂದದ್ದು 1992ರಲ್ಲಿ. 2003ರಲ್ಲಿ ಅದನ್ನು ಬಿಗಿಗೊಳಿಸಿ, ಎರಡು ವರ್ಷದವರೆಗಿನ ಮಕ್ಕಳ ಆಹಾರದ ಜಾಹೀರಾತನ್ನೂ ನಿಲ್ಲಿಸಿದರು.

ಗಮನಿಸಿ, ಮಾರಾಟಕ್ಕೆ ನಿಷೇಧವಿಲ್ಲ. ತಾಯಿಯಿಲ್ಲದ ಕೂಸಿಗೆ, ವೈದ್ಯರೇ ಬೇಕೆಂದ ಕೂಸಿಗೆ ಡಬ್ಬಿ ಸಿಗಲೇಬೇಕು. ಅಂಥ ತಾಯಿಯನ್ನು ಯಾರೂ ಆಡಿಕೊಳ್ಳಬಾರದು. ಆದರೆ “ನಿನಗೆ ಹಾಲು ಸಾಲ್ತಿಲ್ಲ ಕಣೇ” ಅಂತ ಅಕ್ಕಪಕ್ಕದವರು ಅಂದ ಮಾತ್ರಕ್ಕೆ ಗಾಬರಿಯಾಗಬೇಡಿ. ಮೊದಲ ವಾರ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಾ, ತೂಕ ಏರುತ್ತಾ ಇದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದೇ ಅರ್ಥ. ಅನುಮಾನವಿದ್ದರೆ ವೈದ್ಯರನ್ನು ಕೇಳಿ.

ಎರಡು ವರ್ಷ ದಾಟಿದ ಮಕ್ಕಳಿಗೆ ಇಷ್ಟು ಗಟ್ಟಿ ಬೇಲಿಯಿಲ್ಲ. ಚಿಪ್ಸು, ಸಿಹಿ ಪಾನೀಯಗಳ ಜಾಹೀರಾತು ಮಕ್ಕಳ ಕಾರ್ಯಕ್ರಮದ ನಡುವೆ ಬರಬಾರದೆಂದು 2022ರ ಮಾರ್ಗಸೂಚಿಯೇನೋ ಇದೆ. ಆದರೆ ನಮ್ಮ ಮಕ್ಕಳು ಅಷ್ಟನ್ನೇ ನೋಡುತ್ತಾರೆಯೇ? ಮನೆಮಂದಿಯೊಂದಿಗೆ ಕೂತು ಕ್ರಿಕೆಟ್ ನೋಡುವುದಿಲ್ಲವೇ? ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 13 ವರ್ಷದೊಳಗಿನ ಮಕ್ಕಳನ್ನು ಸೆಳೆಯುವ ಜಾಹೀರಾತಿಗೆ 1980ರಿಂದಲೇ ತಡೆಯಿದೆ. ಎದೆಹಾಲಿನ ವಿಷಯದಲ್ಲಿ ಅಷ್ಟು ದೃಢವಾಗಿ ನಿಂತ ನಮ್ಮ ಸರಕಾರ, ಅದೇ ಕೂಸು ನಡೆಯಲು ಕಲಿತ ಮೇಲೆ ಕೈಬಿಡುವುದು ನ್ಯಾಯವೇ? ನೀವೇ ಹೇಳಿ.