ಸುಂಟರಗಾಳಿ ಸೀಮೆಯ ರಿಪೀಟರ್ ಕೋಣೆ

ಬೀಗ ತೆಗೆದು ಬಾಗಿಲು ತಳ್ಳುತ್ತಲೇ ಫ್ಯಾನಿನ ಮೊರೆತ ಕಿವಿಗೆ ಬಡಿಯಿತು. ಕಾಂಕ್ರೀಟಿನ ಪುಟ್ಟ ಕೋಣೆ. ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊಸ್ತಿಲಲ್ಲೇ ಉಳಿಯಬೇಕು. ಹೊರಗೆ ಮೇ ತಿಂಗಳ ದಕ್ಷಿಣದ ಗಾಳಿ ನಿಲ್ಲದೆ ಬೀಸುತ್ತಿದೆ. ತಲೆಯ ಮೇಲೆ ಸುತ್ತಲೂ ತಂತಿ ಬಿಗಿದು ನಿಲ್ಲಿಸಿದ ಉಕ್ಕಿನ ಟವರ್, ಅದರ ತುದಿಯಲ್ಲಿ ಬಿಳಿ ಕೋಲಿನಂಥ ಆ್ಯಂಟೆನಾ. ಅಮೆರಿಕದ ಒಕ್ಲಹೋಮ ರಾಜ್ಯದ ನಾರ್ಮನ್ ಊರಿನ ಹೊರವಲಯ ಇದು. ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಈ ಕೋಣೆಯನ್ನು ತಮ್ಮ ಕೈಯಾರೆ ನೋಡಿಕೊಳ್ಳುತ್ತಾರೆ.

ನನ್ನನ್ನು ಕರೆತಂದವನು ಶಿವಮೊಗ್ಗ ಕಡೆಯ ಹುಡುಗ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಹವಾಮಾನ ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಬಂದ ವರ್ಷವೇ ಹ್ಯಾಮ್ ಪರೀಕ್ಷೆಗೆ ಕೂತನಂತೆ. 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಮೊದಲ ಹಂತದ ಲೈಸೆನ್ಸು. ಮೋರ್ಸ್ ಸಂಕೇತ ಬರಲೇಬೇಕೆಂಬ ನಿಯಮ 2007ರಲ್ಲೇ ಹೋಗಿದೆ. ಬೀಗದ ಕೈ ಇದ್ದದ್ದು ಕ್ಲಬ್ಬಿನ ಹಿರಿಯರೊಬ್ಬರ ಬಳಿ. ಟೆಲಿಫೋನ್ ಲೈನಿನ ಕೆಲಸದಿಂದ ನಿವೃತ್ತರಾದವರು, ಮಾತು ಕಡಿಮೆ.

ಮೊದಲು ತೋರಿಸಿದ್ದು ರ‍್ಯಾಕಿನ ಬುಡದಲ್ಲಿ ಸಾಲಾಗಿ ನಿಲ್ಲಿಸಿದ ಆರು ಲೋಹದ ಉರುಳೆಗಳನ್ನು. ರಿಪೀಟರಿನ ಗುಟ್ಟೆಲ್ಲ ಅಲ್ಲಿದೆ. ಕೈಯಲ್ಲಿ ಹಿಡಿಯುವ ವಾಕಿಟಾಕಿಗೆ ಸಾಮಾನ್ಯವಾಗಿ 5 ವಾಟ್ ಶಕ್ತಿ. ಮನೆ, ಮರ, ನೆಲದ ಏರಿಳಿತಗಳ ನಡುವೆ ಅದರ ದನಿ ಕೆಲವೇ ಕಿಲೋಮೀಟರಿಗೆ ಸೋತುಹೋಗುತ್ತದೆ. ಗುಡ್ಡದ ನೆತ್ತಿಯ ಮೇಲೆ ನಿಂತವನು ಈಚೆ ಬದಿಯ ಕೂಗನ್ನು ಕೇಳಿಸಿಕೊಂಡು ಆಚೆ ಬದಿಗೆ ಕೂಗಿ ಹೇಳುವಂತೆ, ರಿಪೀಟರು ಒಂದು ಆವರ್ತನದಲ್ಲಿ ಬಂದದ್ದನ್ನು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿ ಗಟ್ಟಿಯಾಗಿ ಹೊರಡಿಸುತ್ತದೆ. ಎರಡು ಮೀಟರ್ ಬ್ಯಾಂಡಿನಲ್ಲಿ ಈ ಎರಡರ ನಡುವಿನ ಅಂತರ ಬರೀ 600 ಕಿಲೋಹರ್ಟ್ಸ್. ಕೇಳುವ ಸಂಕೇತ ವೋಲ್ಟಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕ್ಷೀಣ. ಹೇಳುವುದು ಹತ್ತಾರು ವಾಟ್ ಶಕ್ತಿಯಲ್ಲಿ. ಎರಡಕ್ಕೂ ಆ್ಯಂಟೆನಾ ಒಂದೇ. ತನ್ನ ದನಿಗೇ ತಾನು ಕಿವುಡಾಗದಂತೆ ಅದನ್ನು ಕಾಯುವುದು ಈ ಉರುಳೆಗಳು. ಹಿರಿಯರು ಒಂದೊಂದರ ತಲೆಯ ಮೇಲಿನ ತಿರುಪನ್ನೂ ಮುಟ್ಟದೆ, ಬೆರಳು ತೋರಿಸಿ ವಿವರಿಸಿದರು. ಕೂದಲೆಳೆಯಷ್ಟು ತಿರುಗಿದರೂ ಹೊಂದಾಣಿಕೆ ಕೆಡುತ್ತದೆ.

ಮೂಲೆಯಲ್ಲಿ ಬ್ಯಾಟರಿಗಳ ಸಾಲು. ಬಿರುಗಾಳಿ ಬಂದಾಗ ಮೊದಲು ಹೋಗುವುದೇ ಕರೆಂಟು. ಎಚ್ಚರಿಕೆ ಹೇಳಬೇಕಾದ ಯಂತ್ರ ಅಷ್ಟರಲ್ಲೇ ಬಾಯಿ ಮುಚ್ಚಿದರೆ ಇದ್ದೇನು ಫಲ? ಬ್ಯಾಟರಿಗಳ ಮೇಲಿನ ಗೂಡಿನಲ್ಲಿ ಸಣ್ಣದೊಂದು ಪೆಟ್ಟಿಗೆ, ಹಸಿರು ದೀಪ. ನಾನು ನೋಡಬಂದದ್ದು ಅದನ್ನೇ.

ಅಮೆರಿಕದ ಹವಾಮಾನ ಇಲಾಖೆಗೆ ತನ್ನದೇ ರೇಡಿಯೋ ಜಾಲವಿದೆ. 162.400ರಿಂದ 162.550 ಮೆಗಾಹರ್ಟ್ಸ್‌ವರೆಗೆ ಏಳು ಆವರ್ತನಗಳು, ದೇಶದುದ್ದಕ್ಕೂ ಸಾವಿರಕ್ಕೂ ಹೆಚ್ಚು ಪ್ರಸಾರ ಕೇಂದ್ರಗಳು. ಹಗಲೂ ರಾತ್ರಿ ಕಂಪ್ಯೂಟರಿನ ದನಿ ಮುನ್ಸೂಚನೆ ಓದುತ್ತಲೇ ಇರುತ್ತದೆ. ಅಪಾಯವಿದ್ದಾಗ ಮಾತಿಗೂ ಮುಂಚೆ ಕರ್ಕಶವಾದ ಗೀರುಸದ್ದು ಮೂರು ಸಲ ಬರುತ್ತದೆ. ಕಿವಿಗೆ ಅದು ಬರೀ ಸದ್ದು. ಪೆಟ್ಟಿಗೆಗೆ ಅದರಲ್ಲಿ ಎಲ್ಲವೂ ಇದೆ. ಯಾರು ಹೊರಡಿಸಿದ್ದು, ಯಾವ ಅಪಾಯ, ಯಾವ ಕೌಂಟಿ, ಎಷ್ಟು ಹೊತ್ತು. ಸುಂಟರಗಾಳಿಯ ಎಚ್ಚರಿಕೆಗೆ ಟಿಓಆರ್ ಎಂಬ ಮೂರಕ್ಷರ. ನಾರ್ಮನ್ ಇರುವ ಕ್ಲೀವ್‌ಲ್ಯಾಂಡ್ ಕೌಂಟಿಗೆ 040027 ಎಂಬ ಆರಂಕಿ. ಆ ಅಂಕಿ ಬಂತೋ, ಪೆಟ್ಟಿಗೆ ಎಚ್ಚೆತ್ತುಕೊಂಡು ರಿಪೀಟರಿನ ದಾರಿ ತೆರೆಯುತ್ತದೆ. ಪಕ್ಕದ ರಾಜ್ಯದ ಯಾವುದೋ ಕೌಂಟಿಯ ಅಂಕಿಯಾದರೆ ಸುಮ್ಮನಿರುತ್ತದೆ.

ನಾವು ಹೋದದ್ದು ಬುಧವಾರ. ವಾರದ ಪರೀಕ್ಷಾ ಪ್ರಸಾರ ಸಾಮಾನ್ಯವಾಗಿ ಆ ದಿನ ಮಧ್ಯಾಹ್ನದೊಳಗೆ ಬರುತ್ತದೆ. ಆಕಾಶ ಕೆಟ್ಟಿದ್ದರೆ, ಜನ ನಿಜವಾದದ್ದೆಂದು ಗಾಬರಿಯಾಗದಿರಲೆಂದು ಮುಂದೂಡುತ್ತಾರೆ. ಅಂದು ಆಕಾಶ ತಿಳಿಯಾಗಿತ್ತು. ಮೂರು ಗೀರು, 1050 ಹರ್ಟ್ಸಿನ ಒಂದೇ ಸಮನೆಯ ಕೂಗು, ಆಮೇಲೆ ಮಾತು, ಕೊನೆಗೆ ಮುಗಿಯಿತೆಂದು ಹೇಳುವ ಮೂರು ಚುಟುಕು ಗೀರು. ಹುಡುಗನ ಸೊಂಟದಲ್ಲಿದ್ದ ವಾಕಿಟಾಕಿಯಲ್ಲಿ ಗೀರುಗಳು ಬರಲಿಲ್ಲ, ಮಾತಷ್ಟೇ ಬಂತು. ತುರ್ತು ಸಂಕೇತದ ಸದ್ದನ್ನು ಎಲ್ಲೆಂದರಲ್ಲಿ ಮೊಳಗಿಸುವುದಕ್ಕೆ ಇಲ್ಲಿ ಕಾನೂನಿನ ತಡೆಯಿದೆ. ಅದಕ್ಕೇ ಈ ಕೋಣೆಯ ಕಂಟ್ರೋಲರು ಅದನ್ನು ಸೋಸಿಬಿಡುತ್ತದೆ. ಇಂಟರ್‌ನೆಟ್ ಮೂಲಕ ಇಲಾಖೆಯ ಎಚ್ಚರಿಕೆ ಪಡೆದು ಓದಿಹೇಳುವ ಸಣ್ಣ ಕಂಪ್ಯೂಟರುಗಳನ್ನೂ ಈಗ ಹಲವು ರಿಪೀಟರುಗಳಿಗೆ ಜೋಡಿಸುತ್ತಾರೆ. ಹಿರಿಯರಿಗೆ ಅದು ಬೇಡವೆಂದಲ್ಲ, ಆದರೆ ನಂಬಿಕೆ ಹಳೆಯ ಪೆಟ್ಟಿಗೆಯ ಮೇಲೆ. ಕೇಬಲ್ ಕಡಿದುಹೋದ ರಾತ್ರಿಯಲ್ಲೂ ಅದು ಗಾಳಿಯಿಂದಲೇ ಸುದ್ದಿ ಹಿಡಿಯುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಧ್ವನಿವರ್ಧಕ ಎಂದು ಬರೆದು ಮುಗಿಸಬಹುದಿತ್ತು. ಆದರೆ ಹ್ಯಾಮ್ ನಿಯಮ ಸರ್ಕಾರಿ ಹವಾಮಾನ ಪ್ರಸಾರವನ್ನು ಮರುಪ್ರಸಾರ ಮಾಡಲು ಬಿಡುವುದು ಅಪರೂಪಕ್ಕೊಮ್ಮೆ, ಅದೂ ಹ್ಯಾಮ್‌ಗಳ ಉಪಯೋಗಕ್ಕೆಂದು ಮಾತ್ರ. ಇಡೀ ಊರನ್ನು ಎಬ್ಬಿಸಲು ಮೊಬೈಲ್, ಟಿವಿ, ಸೈರನ್ ಇವೆ. ಹಾಗಾದರೆ ಹ್ಯಾಮ್‌ಗಳನ್ನು ಮಾತ್ರ ಬೇರೆಯಾಗಿ ಎಬ್ಬಿಸುವುದೇಕೆ? ಅವರು ಕೇಳಿ ಸುಮ್ಮನಾಗುವವರಲ್ಲ, ಹೊರಗೆ ನೋಡಿ ಮರುಮಾತು ಹೇಳುವವರು.

ಆ ಮರುಮಾತಿನ ಅಗತ್ಯ ಅರ್ಥವಾದದ್ದು ಊರೊಳಗಿನ ರಾಷ್ಟ್ರೀಯ ಹವಾಮಾನ ಕೇಂದ್ರಕ್ಕೆ ಹೋದಾಗ. 2006ರಲ್ಲಿ ತೆರೆದ ವಿಶಾಲ ಕಟ್ಟಡ. ಇಡೀ ದೇಶದ ಬಿರುಗಾಳಿ ಮುನ್ಸೂಚನಾ ಕೇಂದ್ರವೂ ಸ್ಥಳೀಯ ಮುನ್ಸೂಚನಾ ಕಚೇರಿಯೂ ಇಲ್ಲೇ ಇವೆ. ಈ ಸೀಮೆಗೂ ಸುಂಟರಗಾಳಿಗೂ ಹಳೆಯ ನಂಟು. ಹತ್ತಿರದ ಟಿಂಕರ್ ವಾಯುನೆಲೆಯಲ್ಲಿ 1948ರ ಮಾರ್ಚ್ 25ರಂದು ಫಾಬುಶ್ ಮತ್ತು ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳು ಸುಂಟರಗಾಳಿಯ ಮುನ್ಸೂಚನೆ ಕೊಟ್ಟರು, ಅದು ನಿಜವೂ ಆಯಿತು. 1999ರ ಮೇ 3ರಂದು ಬ್ರಿಜ್ ಕ್ರೀಕ್ ಮತ್ತು ಮೂರ್ ಊರುಗಳನ್ನು ಸೀಳಿಕೊಂಡು ಹೋದ ಸುಂಟರಗಾಳಿಗೆ 36 ಜನ ಬಲಿಯಾದರು. 2013ರ ಮೇ 20ರಂದು ಅದೇ ಮೂರ್ ಮತ್ತೆ ನುಚ್ಚುನೂರಾಯಿತು. ಸತ್ತ 24 ಜನರಲ್ಲಿ ಏಳು ಮಕ್ಕಳು ಒಂದೇ ಶಾಲೆಯವರು. ಆ ದಿನ ಎಚ್ಚರಿಕೆ ಹೊರಟದ್ದು ಮಧ್ಯಾಹ್ನ 2:40ಕ್ಕೆ, ಗಾಳಿ ನೆಲ ಮುಟ್ಟಿದ್ದು 2:56ಕ್ಕೆ. ನಾರ್ಮನ್ನಿನಿಂದ ಮೂರ್‌ಗೆ ಹೆದ್ದಾರಿಯಲ್ಲಿ ಹೋಗಲು ಬೇಕಾಗುವಷ್ಟು ಹೊತ್ತು.

ಒಳಗೆ ಪರದೆಗಳ ಮೇಲೆ ರೇಡಾರಿನ ಬಣ್ಣಗಳು. ಇಷ್ಟೊಂದು ಕಣ್ಣಿದ್ದ ಮೇಲೆ ಬೀದಿಯಲ್ಲಿ ನಿಂತ ಮನುಷ್ಯನ ಕಣ್ಣು ಏಕೆ ಎಂದು ಹುಡುಗನನ್ನು ಕೇಳಿದೆ.

“ಸರ್, ಭೂಮಿ ಗುಂಡಗಿದೆಯಲ್ಲ, ರೇಡಾರಿನ ಕಿರಣ ನೇರ ಹೋಗ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಬಿಟ್ಟರೂ ನೂರು ಕಿಲೋಮೀಟರ್ ಆಚೆ ಅದು ನೆಲದಿಂದ ಒಂದೂವರೆ ಕಿಲೋಮೀಟರ್ ಮೇಲಿರ್ತದೆ. ಮೋಡ ತಿರುಗ್ತಾ ಇದೆ ಅಂತ ಕಾಣ್ತದೆ. ಅದರ ಕೆಳಗೆ, ಮನೆ ಇರೋ ಎತ್ತರದಲ್ಲಿ ಏನಾಗ್ತಾ ಇದೆ ಅಂತ ಕಾಣೋದಿಲ್ಲ.”

ಆ ಕಾಣದ ಒಂದೂವರೆ ಕಿಲೋಮೀಟರನ್ನು ತುಂಬುವವರು ಸ್ಕೈವಾರ್ನ್ ಎಂಬ ಯೋಜನೆಯಡಿ ತರಬೇತಿ ಪಡೆದ ಸ್ವಯಂಸೇವಕರು. ಅವರಲ್ಲಿ ಹ್ಯಾಮ್‌ಗಳು ಬಹಳ. ಕೆಟ್ಟ ಹವೆಯ ದಿನ ಮುನ್ಸೂಚನಾ ಕಚೇರಿಯಲ್ಲೇ ಒಂದು ಹ್ಯಾಮ್ ಮೇಜು ಚುರುಕಾಗುತ್ತದೆ. ಎಚ್ಚರಿಕೆ ಕೆಳಗಿಳಿದ ದಾರಿಯಲ್ಲೇ ನೆಲದ ನೋಟ ಮೇಲೆ ಹತ್ತುತ್ತದೆ.

ಅದನ್ನು ಕಿವಿಯಾರೆ ಕೇಳುವ ಸಂದರ್ಭ ವಾರದ ಕೊನೆಗೆ ಬಂತು. ಮಧ್ಯಾಹ್ನವೇ ಗುಡುಗುಮಳೆಯ ಸಂಭವವಿದೆಯೆಂಬ ಸೂಚನೆ. ಸಂಜೆ ಹೊತ್ತಿಗೆ ಪಶ್ಚಿಮದಲ್ಲಿ ಹೂಕೋಸಿನಂತೆ ಗಟ್ಟಿಯಾಗಿ ಬೆಳೆದ ಮೋಡ. ನಾವಿದ್ದದ್ದು ಹಿರಿಯರ ಮನೆಯ ಗ್ಯಾರೇಜಿನಲ್ಲಿ. ನೆಲದೊಳಗೆ ಹೂತಿಟ್ಟ ಉಕ್ಕಿನ ಆಶ್ರಯಕೋಣೆಯ ಮುಚ್ಚಳವನ್ನು ಮೊದಲೇ ಸರಿಸಿಟ್ಟಿದ್ದರು. ರಿಪೀಟರಿನಲ್ಲಿ ಎಚ್ಚರಿಕೆ ಮೊಳಗಿತು: ತೀವ್ರ ಗುಡುಗುಮಳೆ, ಗಂಟೆಗೆ 60 ಮೈಲಿಯ ಗಾಳಿ, ಆಲಿಕಲ್ಲು. ಕಂಪ್ಯೂಟರಿನ ದನಿ ನಿಲ್ಲುತ್ತಲೇ ಮನುಷ್ಯನ ದನಿ. ನೆಟ್ ಕಂಟ್ರೋಲ್, ಅಂದರೆ ಮಾತಿನ ಸರದಿ ನಡೆಸುವವರು, ಇದು ಸ್ಕೈವಾರ್ನ್ ನೆಟ್ ಎಂದು ತಿಳಿಸಿ, ವರದಿ ಇದ್ದವರ ಹೊರತು ಮಿಕ್ಕವರು ಮೌನವಾಗಿರಿ ಎಂದರು. ಆ ಕ್ಷಣದವರೆಗೆ ಹರಟುತ್ತಿದ್ದ ರಿಪೀಟರು ಗಪ್ಪೆಂದಿತು.

ಆ ಮೌನ ನನ್ನನ್ನು ಮುಟ್ಟಿತು. ಎಷ್ಟೋ ಜನ ಕೈಯಲ್ಲಿ ಮೈಕು ಹಿಡಿದು ಕೂತಿದ್ದಾರೆ, ಹೊರಗೆ ಮಿಂಚುತ್ತಿದೆ, ಹೇಳಬೇಕೆಂಬ ತುಡಿತ ಯಾರಿಗಿರುವುದಿಲ್ಲ? ಆದರೂ ಇಲ್ಲಿ ಮಳೆ ಶುರುವಾಯಿತು ಎಂದು ಒಬ್ಬರೂ ಅನ್ನಲಿಲ್ಲ. ಹೇಳಬೇಕಾದ್ದು ಏನೆಂದು ಅವರಿಗೆ ಗೊತ್ತು: ಸುಂಟರಗಾಳಿ, ತಿರುಗುವ ಮೋಡ, ಒಂದು ಇಂಚಿನ ಆಲಿಕಲ್ಲು, 58 ಮೈಲಿ ಮೀರಿದ ಗಾಳಿ, ರಸ್ತೆ ಮುಳುಗಿಸುವ ನೆರೆ. ಮೊದಲು ಬಂದದ್ದು ಹೆಂಗಸೊಬ್ಬರ ದನಿ. ತಾನು ಎಲ್ಲಿದ್ದೇನೆ, ಯಾವ ದಿಕ್ಕಿಗೆ ನೋಡುತ್ತಿದ್ದೇನೆ, ಗಂಟೆ ಎಷ್ಟು, ಕಲ್ಲಿನ ಅಳತೆ ಒಂದು ಇಂಚು. ಊಹೆಯೋ ಅಳೆದದ್ದೋ ಎಂದು ಕೇಳಿದರು ನೆಟ್ ಕಂಟ್ರೋಲ್. ಕಾಲು ಡಾಲರಿನ ನಾಣ್ಯದ ಪಕ್ಕ ಇಟ್ಟು ನೋಡಿದೆ ಎಂದರು ಆಕೆ. ಮಾತು ಮುಗಿಯಿತು.

ಮುಂದಿನದು ಕಷ್ಟದ್ದು. ಮೋಡದಿಂದ ಏನೋ ಜೋತುಬಿದ್ದಿದೆ, ಸುಂಟರಗಾಳಿ ಇರಬಹುದು ಎಂದು ಯುವಕನೊಬ್ಬನ ದನಿ, ಏದುಸಿರು. ನೆಟ್ ಕಂಟ್ರೋಲ್ ದನಿ ಏರಿಸಲಿಲ್ಲ. ಅದು ತಿರುಗುತ್ತಿದೆಯೇ? ಒಂದು ನಿಮಿಷ ಕಣ್ಣು ಕೀಳದೆ ನೋಡಿ. ನೆಲದಲ್ಲಿ ಧೂಳು ಏಳುತ್ತಿದೆಯೇ? ನೀವು ನಿಂತ ಜಾಗದಿಂದ ಹೊರಡಲು ದಾರಿಯಿದೆಯೇ? ಈ ಕೊನೆಯ ಪ್ರಶ್ನೆ ಬರಿಯ ಶಿಷ್ಟಾಚಾರವಲ್ಲ. 2013ರ ಮೇ 31ರಂದು ಎಲ್ ರಿನೊ ಬಳಿ ನಾಲ್ಕು ಕಿಲೋಮೀಟರಿಗೂ ಅಗಲವಾದ ಸುಂಟರಗಾಳಿ, ಜೀವಮಾನವಿಡೀ ಅದನ್ನೇ ಅಭ್ಯಾಸ ಮಾಡಿದ್ದ ಟಿಮ್ ಸಮಾರಸ್ ಅವರನ್ನು, ಮಗನನ್ನು, ಜೊತೆಗಾರನನ್ನು ಕೊಂದಿತು. ನಿಮಿಷ ಕಳೆಯಿತು. ತಿರುಗುತ್ತಿಲ್ಲ, ಹರಿದ ಮೋಡದ ಚೂರು, ಗಾಳಿಗೆ ಪಕ್ಕಕ್ಕೆ ಸರಿಯುತ್ತಿದೆ ಎಂದ ಯುವಕ. ನೆಟ್ ಕಂಟ್ರೋಲ್ ಧನ್ಯವಾದ ಹೇಳಿದರು, ಗದರಲಿಲ್ಲ. ಗದರಿದರೆ ಮುಂದಿನ ಸಲ ನಿಜವಾದದ್ದನ್ನು ಕಂಡರೂ ಅವನು ಬಾಯಿಬಿಡುವುದಿಲ್ಲ.

ಮಳೆ ತಗ್ಗುವವರೆಗೆ ನಮ್ಮ ದೇಶದ ಮಾತು ಬಂತು. 1999ರ ಅಕ್ಟೋಬರಿನಲ್ಲಿ ಒಡಿಶಾದ ಮಹಾಚಂಡಮಾರುತ ಫೋನ್ ಸಂಪರ್ಕವನ್ನೆಲ್ಲ ಕಡಿದುಹಾಕಿದಾಗ ಹ್ಯಾಮ್‌ಗಳು ಅಲ್ಲಿಗೆ ಹೋಗಿ ಸುದ್ದಿ ಸಾಗಿಸಿದ್ದರು. 2004ರ ಸುನಾಮಿಯ ಹೊತ್ತಿಗೆ ಭಾರತಿ ಪ್ರಸಾದ್ ಎಂಬ ಹ್ಯಾಮ್, ದೂರದ ಜಾಗಕ್ಕೆ ಹೋಗಿ ಅಲ್ಲಿಂದ ಬೇರೆ ಹ್ಯಾಮ್‌ಗಳೊಡನೆ ಮಾತಾಡುವ ಸಂಪರ್ಕಯಾನಕ್ಕೆಂದು ಪೋರ್ಟ್‌ಬ್ಲೇರಿನಲ್ಲಿದ್ದರು; ಅವರ ರೇಡಿಯೋ ಅಂಡಮಾನಿಗೂ ಹೊರಜಗತ್ತಿಗೂ ಕೊಂಡಿಯಾಯಿತು. ಎರಡೂ ಅನಾಹುತ ಆದ ಮೇಲಿನ ಕೆಲಸ. ಇಲ್ಲಿ ನಾನು ಕಂಡದ್ದು ಅನಾಹುತಕ್ಕೂ ಮುಂಚಿನದು. ನಮ್ಮಲ್ಲಿ ಈಗ ಮೊಬೈಲಿಗೆ ಕನ್ನಡದಲ್ಲೇ ಎಚ್ಚರಿಕೆ ಬರುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಮಾಪಕ ಮಳೆಯನ್ನು ಅಳೆಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವಲ್ಲ, ಅಂಥ ಇಳಿಜಾರಿನಲ್ಲಿ ತೋಟದ ಮಣ್ಣು ಬಿರುಕು ಬಿಟ್ಟದ್ದನ್ನು, ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದದ್ದನ್ನು ಯಾವ ಮಾಪಕ ಹೇಳೀತು? ಘಟ್ಟದ ನೆತ್ತಿಯಲ್ಲಿ ಬ್ಯಾಟರಿಯಿಂದ ನಡೆಯುವ ರಿಪೀಟರು, ಕೆಳಗೆ ನೋಡುವುದನ್ನೂ ಸುಮ್ಮನಿರುವುದನ್ನೂ ಕಲಿತ ನಲವತ್ತು ಜನ. ಇದು ನಮಗೆ ಆಗದ ಕೆಲಸವಲ್ಲವೆಂದು ನನಗೆ ಬಲವಾಗಿ ಅನ್ನಿಸಿದೆ. ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೀರ್ಥಹಳ್ಳಿ ಸುತ್ತ ಎಲ್ಲಿ ಟವರ್ ನಿಲ್ಲಿಸಿದರೆ ಎಷ್ಟು ದೂರ ಕೇಳೀತೆಂದು ಲೆಕ್ಕ ಹಾಕಿಟ್ಟಿದ್ದಾನೆ.

ಮರುದಿನ ಬೆಳಿಗ್ಗೆ ಅವನು ಮುನ್ಸೂಚನಾ ಕಚೇರಿಯ ಸ್ಥಳೀಯ ಬಿರುಗಾಳಿ ವರದಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದ. ಹೊತ್ತು, ಜಾಗ, ಅಕ್ಷಾಂಶ ರೇಖಾಂಶ, ಆಲಿಕಲ್ಲು ಒಂದು ಇಂಚು. ಯಾರಿಂದ ತಿಳಿಯಿತು ಎಂಬ ಅಂಕಣದಲ್ಲಿ ಆ ಹೆಂಗಸಿನ ಹೆಸರಿರಲಿಲ್ಲ, ‘ಹವ್ಯಾಸಿ ರೇಡಿಯೋ’ ಎಂದಿತ್ತು. ಜೋತುಬಿದ್ದ ಮೋಡದ ಸುದ್ದಿ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.